ಕಾರ್ನಾಡ್ ಸದಾಶಿವ ರಾವ್: ಕೊಡುವ ಕೈ ಬರಿದಾದ ಮೇಲೆ

ಬೆಂಗಳೂರಿನ ಸದಾಶಿವನಗರ ರಾಜ್ಯದ ಸಿರಿವಂತ ಬಡಾವಣೆಗಳಲ್ಲೊಂದು. ಅಲ್ಲಿ ಒಂದು ನಿವೇಶನ ಕೊಳ್ಳುವುದು ಸಾಮಾನ್ಯರ ಕನಸಿಗೂ ನಿಲುಕದ ಮಾತು. ಆದರೆ ಆ ಬಡಾವಣೆ ಯಾರ ಹೆಸರನ್ನು ಹೊತ್ತಿದೆಯೋ ಆ ಕಾರ್ನಾಡ್ ಸದಾಶಿವ ರಾಯರು 1937ರ ಜನವರಿ 9ರಂದು ಮುಂಬಯಿಯಲ್ಲಿ ಕಣ್ಮುಚ್ಚಿದಾಗ ತಮ್ಮದೆಂದು ಹೇಳಿಕೊಳ್ಳಲು ಅವರ ಬಳಿ ಏನೂ ಉಳಿದಿರಲಿಲ್ಲ. ಮಂಗಳೂರಿನ ಜನನಿಬಿಡ ಕೆ.ಎಸ್. ರಾವ್ ರಸ್ತೆಯೂ ಅವರ ಹೆಸರಿನದೇ. ಆ ಮೂರಕ್ಷರಗಳ ಹಿಂದೆ ಇರುವ ಬದುಕು ಮಾತ್ರ ಇಂದು ಬಹುಮಂದಿಗೆ ಅಪರಿಚಿತ.

ಮನುಷ್ಯ ಕೊನೆಗೂ ದುಡಿಯುವುದು ತನಗಾಗಿಯೋ, ಪರರಿಗಾಗಿಯೋ, ಅಥವಾ ಇವೆರಡನ್ನೂ ಮೀರಿದ ಧ್ಯೇಯವೊಂದಕ್ಕಾಗಿಯೋ ಎಂಬ ಪ್ರಶ್ನೆ ಹಳೆಯದು. ಕರಾವಳಿಯ ಈ ವಕೀಲರ ಬದುಕಿನಲ್ಲಿ ಆ ಪ್ರಶ್ನೆ ಬಹಳ ನಿಷ್ಠುರವಾದ ರೂಪದಲ್ಲಿ ಎದುರಾಗುತ್ತದೆ.

ಸದಾಶಿವ ರಾಯರು ಹುಟ್ಟಿದ್ದು 1881ರಲ್ಲಿ, ಮಂಗಳೂರಿನ ಅನುಕೂಲಸ್ಥ ಸಾರಸ್ವತ ಕುಟುಂಬದಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ, ಮುಂಬಯಿಯಲ್ಲಿ ಕಾನೂನು ವ್ಯಾಸಂಗ ಮುಗಿಸಿ ಊರಿಗೆ ಮರಳಿ ವಕೀಲಿ ವೃತ್ತಿ ಹಿಡಿದರು. ಪಿತ್ರಾರ್ಜಿತ ಸಂಪತ್ತು, ಕೈಹಿಡಿದ ವೃತ್ತಿ, ಊರಿನಲ್ಲಿ ಗೌರವ ಎಲ್ಲವೂ ಇದ್ದ ಅವರಿಗೆ ನೆಮ್ಮದಿಯ ಬದುಕು ನಡೆಸಲು ಯಾವ ಅಡ್ಡಿಯೂ ಇರಲಿಲ್ಲ.

ಅವರು ಆರಿಸಿಕೊಂಡದ್ದು ಬೇರೆ ದಾರಿ. 1911ರಲ್ಲಿ ಪತ್ನಿ ಶಾಂತಾಬಾಯಿಯವರೊಡನೆ ಮಂಗಳೂರಿನಲ್ಲಿ ಮಹಿಳಾ ಸಭೆಯನ್ನು ಕಟ್ಟಿದರು. ವಿಧವೆಯಾದ ಹೆಣ್ಣುಮಗಳು ಮನೆಯ ಮೂಲೆ ಸೇರಬೇಕೆಂಬುದೇ ಕಟ್ಟಳೆಯಾಗಿದ್ದ ಆ ಕಾಲದಲ್ಲಿ, ಅಂಥವರಿಗೆ ಅಕ್ಷರ ಕಲಿಸಿ ಸ್ವಂತ ದುಡಿಮೆಗೆ ದಾರಿ ತೋರುವುದು ಸಣ್ಣ ಸಾಹಸವಾಗಿರಲಿಲ್ಲ.

ಅದೇ ಊರಿನಲ್ಲಿ, ಅದೇ ಸಮಾಜದ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಏಳಿಗೆಗಾಗಿ ಸಂಸ್ಥೆ ಸ್ಥಾಪಿಸಿ, ಜಾತಿಬಾಂಧವರ ಬಹಿಷ್ಕಾರವನ್ನು ಉಂಡಿದ್ದರು. ರಂಗರಾಯರು ಶಾಲೆ, ವಸತಿ, ಕಸುಬಿನ ತರಬೇತಿ ಎಂದು ಒಂದೊಂದೇ ಇಟ್ಟಿಗೆ ಇಟ್ಟು ಸಂಸ್ಥೆಯನ್ನು ಬೆಳೆಸಿದವರು. ಸದಾಶಿವ ರಾಯರ ರೀತಿ ಬೇರೆ. ಕೇಳಿದವರಿಗೆ ಕೊಡುವುದು, ಲೆಕ್ಕವಿಡದೆ ಕೊಡುವುದು ಅವರ ಸ್ವಭಾವವೇ ಆಗಿತ್ತು.

1919ರಲ್ಲಿ ರೌಲತ್ ಕಾಯಿದೆಯ ವಿರುದ್ಧ ಗಾಂಧೀಜಿ ಸಿದ್ಧಪಡಿಸಿದ ಸತ್ಯಾಗ್ರಹದ ಪ್ರತಿಜ್ಞೆಗೆ ಕರ್ನಾಟಕದಿಂದ ಮೊದಲು ಸಹಿ ಹಾಕಿದವರೆಂದು ಸದಾಶಿವ ರಾಯರನ್ನು ಗುರುತಿಸಲಾಗುತ್ತದೆ. ಅಸಹಕಾರದ ಕರೆ ಬಂದಾಗ ವಕೀಲಿಯನ್ನು ತೊರೆದರು. ಆದಾಯದ ಬಾಗಿಲು ಮುಚ್ಚಿತು, ವೆಚ್ಚದ ಬಾಗಿಲು ಇನ್ನಷ್ಟು ಅಗಲವಾಗಿ ತೆರೆಯಿತು. ಸರ್ಕಾರಿ ಶಾಲೆಗಳನ್ನು ಬಿಟ್ಟು ಬಂದ ಮಕ್ಕಳಿಗಾಗಿ ತಿಲಕ್ ವಿದ್ಯಾಲಯ ಎಂಬ ರಾಷ್ಟ್ರೀಯ ಶಾಲೆ ನಡೆಸಿದರು. 1923ರ ಮಹಾ ನೆರೆಯಲ್ಲಿ ಜಿಲ್ಲೆ ತತ್ತರಿಸಿದಾಗ ಪರಿಹಾರ ಕಾರ್ಯಕ್ಕೆ ಇಳಿದರು. ಕಾಸರಗೋಡಿನಿಂದ ಉತ್ತರದ ಬಿಜೂರು, ಬೈಂದೂರುಗಳವರೆಗೆ ಚಾಚಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಆಡಳಿತದಲ್ಲಿ ಮದರಾಸು ಪ್ರಾಂತಕ್ಕೂ ಕಾಂಗ್ರೆಸ್ಸಿನ ವ್ಯವಸ್ಥೆಯಲ್ಲಿ ಕರ್ನಾಟಕಕ್ಕೂ ಸೇರಿತ್ತು. ಈ ನೀಳ ಕರಾವಳಿಯಲ್ಲಿ ಚಳವಳಿ ಎಂದರೆ ಸದಾಶಿವ ರಾಯರು ಎಂಬಂತಾಯಿತು. 1930ರ ಉಪ್ಪಿನ ಸತ್ಯಾಗ್ರಹ ಅವರಿಗೆ ಸೆರೆವಾಸವನ್ನೂ ತಂದಿತು.

ಇಷ್ಟರಲ್ಲಿ ಮನೆತನದ ಸಂಪತ್ತು ಕರಗಿತ್ತು. ಸದಾಶಿವ ರಾಯರ ಬದುಕು ಸ್ತುತಿಗಷ್ಟೇ ವಸ್ತುವಾಗದೆ ಪ್ರಶ್ನೆಯಾಗುವುದು ಇಲ್ಲಿಂದಲೇ. ಹರಿಶ್ಚಂದ್ರ ಸತ್ಯಕ್ಕೆ ತೆತ್ತ ಬೆಲೆಯಲ್ಲಿ ಚಂದ್ರಮತಿ, ಲೋಹಿತಾಶ್ವರ ಪಾಲೂ ಇತ್ತು. ಪುರಾಣದಲ್ಲಿ ಕೊನೆಗೆ ದೇವರು ಪ್ರತ್ಯಕ್ಷನಾಗಿ ಕಳೆದುದೆಲ್ಲವನ್ನೂ ಮರಳಿಸುತ್ತಾನೆ. ಇತಿಹಾಸದಲ್ಲಿ ಹಾಗೆ ಮರಳಿಸುವವರಿಲ್ಲ. ಪ್ರತಿಜ್ಞೆಗೆ ಸಹಿ ಹಾಕಿದವರು ಒಬ್ಬರು, ಬಡತನವನ್ನು ಹಂಚಿಕೊಂಡವರು ಮನೆಮಂದಿಯೆಲ್ಲ.

ಇದನ್ನು ಹತ್ತಿರದಿಂದ ಕಂಡವರಲ್ಲಿ ಕೋಟದ ಶಿವರಾಮ ಕಾರಂತರೂ ಒಬ್ಬರು. 1902ರಲ್ಲಿ, ಈಗ ಬ್ರಹ್ಮಾವರ ತಾಲ್ಲೂಕಿನಲ್ಲಿರುವ ಕೋಟದಲ್ಲಿ ಹುಟ್ಟಿದ ಕಾರಂತರು ಅಸಹಕಾರದ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜು ಬಿಟ್ಟವರು, ಕುಂದಾಪುರದ ಸುತ್ತಮುತ್ತ ಖಾದಿಯ ಪ್ರಚಾರಕ್ಕೆ ಓಡಾಡಿದವರು. ದೇಶಕ್ಕೆ ಸ್ವಾತಂತ್ರ್ಯ ಬಂದ 1947ರಲ್ಲೇ ಪ್ರಕಟವಾದ ಅವರ ಔದಾರ್ಯದ ಉರುಳಲ್ಲಿ ಕಾದಂಬರಿಗೆ ಪ್ರೇರಣೆ ಸದಾಶಿವ ರಾಯರ ಬದುಕು. ಆ ಶೀರ್ಷಿಕೆಯೇ ಒಂದು ತೀರ್ಪಿನಂತಿದೆ. ಔದಾರ್ಯವನ್ನು ಕಿರೀಟವೆಂದು ಕೊಂಡಾಡುವುದು ವಾಡಿಕೆ, ಕಾರಂತರು ಅದನ್ನು ಉರುಳು ಎಂದರು. ಆದರೆ ಆ ಉರುಳನ್ನು ಬಿಗಿದವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ.

ಕೊಡುವವನಿಗೂ ಒಂದು ಸುಖವಿದೆ, ಉದಾರಿ ಎನಿಸಿಕೊಳ್ಳುವುದೂ ಒಂದು ಬಗೆಯ ಸ್ವಾರ್ಥವೇ ಎಂದು ವಾದಿಸುವವರಿದ್ದಾರೆ. ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಕೈಯಲ್ಲಿ ಹಣವಿರುವಷ್ಟು ದಿನ ದಾನಿಯ ಮನಸ್ಸನ್ನು ಹೊರಗಿನವರು ಅಳೆಯುವುದು ಕಷ್ಟ. ಆದರೆ ಹಣ ಮುಗಿದ ಮೇಲಿನ ದಿನಗಳು ಅಳತೆಗೆ ಸಿಗುತ್ತವೆ. ಕೀರ್ತಿಗಾಗಿಯೇ ಕೊಟ್ಟವನು ಕೈ ಬರಿದಾದೊಡನೆ ಹಿಂದೆ ಸರಿಯಬೇಕಿತ್ತು, ಕೊಟ್ಟುದಕ್ಕೆ ಪ್ರತಿಫಲ ಬೇಡಬೇಕಿತ್ತು, ಇಲ್ಲವೇ ಮತ್ತೆ ಕರಿಕೋಟು ತೊಟ್ಟು ಕಳೆದುದನ್ನು ಗಳಿಸಬೇಕಿತ್ತು. ಸದಾಶಿವ ರಾಯರು ಈ ಮೂರನ್ನೂ ಮಾಡಲಿಲ್ಲ.

1936ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಖಾನದೇಶ ಸೀಮೆಯ ಫೈಜ್‌ಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಜವಾಹರಲಾಲ್ ನೆಹರೂ ಅಧ್ಯಕ್ಷರಾಗಿದ್ದ ಅದು ಹಳ್ಳಿಯೊಂದರಲ್ಲಿ ನಡೆದ ಮೊದಲ ಅಧಿವೇಶನ. ಸಂಪತ್ತು ಹೋಗಿ, ಆರೋಗ್ಯವೂ ಕುಂದಿದ್ದ ಐವತ್ತೈದರ ವಯಸ್ಸಿನಲ್ಲಿ ಸದಾಶಿವ ರಾಯರು ಅಲ್ಲಿಗೆ ಹೋದರು. ತಾತ್ಕಾಲಿಕ ಬಿಡಾರದಲ್ಲಿ ಮಳೆಗೆ ಸಿಕ್ಕಿ ಜ್ವರ ಹಿಡಿಯಿತು. ಮುಂಬಯಿ ತಲಪಿದವರು ಮತ್ತೆ ಮಂಗಳೂರನ್ನು ಕಾಣಲಿಲ್ಲ.

ಮರುತಿಂಗಳು, 1937ರ ಫೆಬ್ರವರಿಯಲ್ಲಿ ಮದರಾಸು ಪ್ರಾಂತದ ಚುನಾವಣೆಯಲ್ಲಿ ಕಾಂಗ್ರೆಸ್ ಭಾರಿ ಬಹುಮತ ಗಳಿಸಿತು. ಜುಲೈಯಲ್ಲಿ ರಾಜಾಜಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಅಧಿಕಾರ ಬಾಗಿಲಿಗೆ ಬರುವ ಮುನ್ನವೇ, ಸರ್ವಸ್ವವನ್ನೂ ಅದರ ದಾರಿಗೆ ಸುರಿದವರು ನಿರ್ಗಮಿಸಿದ್ದರು. ನಂತರದ ತಲೆಮಾರುಗಳು ರಾಜಕೀಯವನ್ನು ಗಳಿಕೆಯ ಮಾರ್ಗವಾಗಿಯೂ ಕಂಡವು. ರಾಜಕೀಯಕ್ಕೆ ಬಂದು ಆಸ್ತಿ ಕಳೆದುಕೊಂಡವರಿದ್ದರು ಎಂಬುದೇ ಇಂದಿನ ಓದುಗರಿಗೆ ಕಟ್ಟುಕಥೆಯಂತೆ ಕೇಳಿಸಬಹುದು.

ಸದಾಶಿವ ರಾಯರು ತಮಗಾಗಿ ಬಾಳಲಿಲ್ಲ ಎಂಬುದಕ್ಕೆ ಅವರ ಕೊನೆಯ ವರ್ಷಗಳೇ ಸಾಕ್ಷಿ. ಆದರೆ ನಿಃಸ್ವಾರ್ಥಿಯೊಬ್ಬ ತನ್ನೊಂದಿಗೆ ತನ್ನವರನ್ನೂ ಬರಿಗೈ ಮಾಡುವಾಗ, ಅವನನ್ನು ಉರುಳಿನಿಂದ ಬಿಡಿಸುವ ಹೊಣೆ ಪಡೆದವರ ಮೇಲೂ ಇರುತ್ತದೆ. ನೆರವು ಪಡೆದವರು, ಅವರ ಮನೆಯಲ್ಲಿ ಉಂಡವರು, ಅವರ ಹಣದಲ್ಲಿ ಓದಿದವರು, ಅವರ ತ್ಯಾಗದಿಂದ ಬೆಳೆದ ಪಕ್ಷ ಇವರೆಲ್ಲರೂ ಆ ಪ್ರಶ್ನೆಯ ವ್ಯಾಪ್ತಿಗೆ ಬರುತ್ತಾರೆ. ಸಮಾಜ ಅವರಿಗೆ ಒಂದು ರಸ್ತೆಯನ್ನೂ ಒಂದು ಬಡಾವಣೆಯನ್ನೂ ಅರ್ಪಿಸಿತು, ಅದೂ ಅವರು ಹೋದ ಮೇಲೆ. ಬದುಕಿದ್ದಾಗ ಅವರಿಗೆ ಬೇಕಾಗಿದ್ದುದು ಅದಕ್ಕಿಂತ ಬಹಳ ಕಡಿಮೆ.