ಹಿಂದಿನ ಬೆಂಚಿಗೂ ಕೇಳಿಸಬೇಕು: ಪಿಟೀಲು ಚೌಡಯ್ಯ ಮತ್ತು ನಮ್ಮ ಬೇಸ್ ಗಿಟಾರ್

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕ್ಲಬ್ಬಿನ ಬ್ಯಾಂಡು ನುಡಿಸಿತಲ್ಲ, ಆವತ್ತು ಹಿಂದಿನ ಸಾಲಲ್ಲಿ ಕೂತವರಿಗೆ ಬೇಸ್ ಗಿಟಾರ್ ಕೇಳಿಸಲೇ ಇಲ್ಲ. ಸ್ಟೇಜ್ ಮೇಲೆ ನಮಗೇನೋ ಎದೆ ನಡುಗೋ ಹಾಗೆ ಕೇಳ್ತಿತ್ತು. ಕೆಳಗೆ ಇಳಿದು ಬಂದು ಫೋನಿನ ರೆಕಾರ್ಡಿಂಗ್ ಹಾಕಿ ನೋಡಿದರೆ ಡ್ರಮ್ಸ್ ಇದೆ, ಕೀಬೋರ್ಡ್ ಇದೆ, ಹಾಡಿದವಳ ದನಿ ಇದೆ, ಬೇಸ್ ಇಲ್ಲ. ಬದಲಿಗೆ ಗುಂಯ್ ಅಂತ ಒಂದು ಸದ್ದು ಉದ್ದಕ್ಕೂ ಇದೆ. ಅದಾದ ಮೇಲೆ ಎರಡು ವಾರ ಹಾಸ್ಟೆಲ್ಲಿನಲ್ಲಿ ಇದೇ ಜಗಳ. ಐದು ತಂತಿಯ ಬೇಸ್ ತಗೊಳ್ಳೋಣ ಅಂತ ಒಬ್ಬರು, ಪೆಡಲ್ ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತ ಇನ್ನೊಬ್ಬರು, ಇರೋ ದುಡ್ಡಿಗೆ ಎರಡೂ ಆಗಲ್ಲ ಅಂತ ಖಜಾಂಚಿ.

ಈ ಜಗಳದ ಮಧ್ಯೆ ನಮಗೆ ನೆನಪಾದವರು ಗಿಟಾರನ್ನು ಮುಟ್ಟದೆ ಬದುಕಿದ ಒಬ್ಬ ಮನುಷ್ಯ. ಮೈಸೂರು ಟಿ. ಚೌಡಯ್ಯ. ಜನ ಕರೀತಿದ್ದದ್ದು ಪಿಟೀಲು ಚೌಡಯ್ಯ ಅಂತ. ನಮ್ಮಲ್ಲಿ ಬಹಳ ಜನಕ್ಕೆ ಅವರ ಹೆಸರು ಗೊತ್ತಿರೋದು ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಇರೋ ಪಿಟೀಲಿನ ಆಕಾರದ ಸಭಾಂಗಣದಿಂದ. ಆ ಕಟ್ಟಡಕ್ಕೆ ಕೊನೆಗೆ ಬರ್ತೀವಿ. ಅದಕ್ಕಿಂತ ಮುಂಚೆ, ಹಿಂದಿನ ಬೆಂಚಿಗೆ ಕೇಳಿಸಲ್ಲ ಅನ್ನೋ ನಮ್ಮದೇ ಸಮಸ್ಯೆಯನ್ನ ಸುಮಾರು ನೂರು ವರ್ಷದ ಹಿಂದೆ ಕೈಗೆತ್ತಿಕೊಂಡವರು ಅವರು ಅನ್ನೋದನ್ನ ಹೇಳಬೇಕು.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ತಿ. ನರಸೀಪುರದ ಪಕ್ಕ ಕಾವೇರಿ, ಕಪಿಲೆ ಸೇರೋ ಜಾಗ. ಇದೇ ಕಾವೇರಿ ಅಲ್ಲಿಂದ ತಲಕಾಡು ದಾಟಿ ಶಿವನಸಮುದ್ರದಲ್ಲಿ ಧುಮುಕುತ್ತೆ. ಅಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಬಂದದ್ದು ನಮ್ಮ ಕೆಜಿಎಫ್‌ಗೆ, ಗಣಿಗಳ ಯಂತ್ರ ನಡೆಸೋಕೆ. ಆಗ ಚೌಡಯ್ಯ ಏಳು ವರ್ಷದ ಹುಡುಗ. ಅವರ ಊರಿನ ನೀರು ನಂದಿದುರ್ಗ, ಚಾಂಪಿಯನ್ ರೀಫ್‌ನ ಕಡೆಗೆ ಕರೆಂಟಾಗಿ ಬರ್ತಾ ಇತ್ತು, ಆದರೆ ಅವರು ಮುಂದೆ ನುಡಿಸಬೇಕಿದ್ದ ಕಚೇರಿಗಳಿಗೆ ಮೈಕು ಬರೋಕೆ ಇನ್ನೂ ಎಷ್ಟೋ ವರ್ಷ ಬಾಕಿ ಇತ್ತು. ಈ ಎರಡು ಸಂಗತಿಯನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೇ ಒಂಥರಾ ಅನ್ನಿಸಿತು.

ಅವರ ಗುರು ಬಿಡಾರಂ ಕೃಷ್ಣಪ್ಪ. ಮೈಸೂರಿನ ದೊಡ್ಡ ಗಾಯಕರು. 1910ರಿಂದ 1918ರವರೆಗೆ, ಅಂದರೆ ಎಂಟು ವರ್ಷ, ಚೌಡಯ್ಯ ಗುರುಕುಲದಲ್ಲಿದ್ದರು. ನಮ್ಮ ಬಿ.ಇ.ಯ ಎರಡು ಪಟ್ಟು, ಬ್ಯಾಕ್‌ಲಾಗ್ ಇಲ್ಲದೆ. ಗಮನಿಸಬೇಕಾದ್ದು ಏನಂದರೆ, ಪಿಟೀಲು ನುಡಿಸೋ ಹುಡುಗ ಪಳಗಿದ್ದು ಒಬ್ಬ ಹಾಡುಗಾರರ ಕೈಕೆಳಗೆ. ಹಾಡಿನ ಉಸಿರು, ಸಾಹಿತ್ಯದ ಒತ್ತು, ಗಮಕ ಎಲ್ಲಿ ತೂಗಬೇಕು ಅನ್ನೋದು ಕಿವಿಗೆ ಇಳಿದಿದ್ದು ಅಲ್ಲಿ. ಕರ್ನಾಟಕ ಸಂಗೀತದಲ್ಲಿ ಪಿಟೀಲು ಮುಖ್ಯವಾಗಿ ಪಕ್ಕವಾದ್ಯ. ಗಾಯಕರು ಹಾಡಿದ್ದನ್ನ ನೆರಳಿನ ಹಾಗೆ ಹಿಂಬಾಲಿಸಬೇಕು, ಅವರು ನಿಲ್ಲಿಸಿದ ಕಡೆ ತಾನು ಎತ್ತಿಕೊಂಡು ಉತ್ತರ ಕೊಡಬೇಕು. ಬ್ಯಾಂಡಿನಲ್ಲಿ ಬೇಸ್ ಇರೋ ಜಾಗಕ್ಕೆ ಇದು ತುಂಬ ದೂರದ್ದಲ್ಲ. ಇಲ್ಲದಿದ್ದರೆ ಗೊತ್ತಾಗುತ್ತೆ, ಇದ್ದಾಗ ಯಾರೂ ತಿರುಗಿ ನೋಡಲ್ಲ. (ನಮ್ಮ ಬೇಸಿಸ್ಟ್ ಈ ವಾಕ್ಯವನ್ನ ದಪ್ಪ ಅಕ್ಷರದಲ್ಲಿ ಹಾಕಿ ಅಂದ. ಹಾಕಲ್ಲ.)

1920ರ ದಶಕದ ಕಚೇರಿಯನ್ನ ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ರಾಮನವಮಿಯ ಚಪ್ಪರ. ಗೋಡೆ ಇಲ್ಲ, ಹಾಗಾಗಿ ಸದ್ದು ತಿರುಗಿ ಬರೋ ಮಾತೇ ಇಲ್ಲ. ತೆರೆದ ಬಯಲಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತೆ ಅಂತ ನಾವು ಪರೀಕ್ಷೆಯಲ್ಲಿ ಬರೀತೀವಲ್ಲ, ಅದನ್ನ ಅಲ್ಲಿ ಕೂತವರು ಕಿವಿಯಾರೆ ಅನುಭವಿಸ್ತಿದ್ದರು. ಗಾಯಕರು ಏರು ಶ್ರುತಿಯಲ್ಲಿ ಎದೆ ತುಂಬಿ ಹಾಡೋರು. ಚೆಂಬೈ ವೈದ್ಯನಾಥ ಭಾಗವತರ ಗಂಟಲಂತೂ ಮೈಕಿನ ಹಂಗಿಲ್ಲದ್ದು. ಮೃದಂಗ ಹೇಗೂ ಕೇಳುತ್ತೆ. ಮಧ್ಯೆ ಕೂತ ಪಿಟೀಲಿಗೆ ಇರೋದು ನಾಲ್ಕು ತೆಳ್ಳನೆಯ ತಂತಿ, ಅಂಗೈ ಅಗಲದ ಮರದ ಪೆಟ್ಟಿಗೆ. 1927ರ ಹೊತ್ತಿಗೆ ಚೌಡಯ್ಯ ಪಕ್ಕವಾದ್ಯದಲ್ಲಿ ಹೆಸರು ಮಾಡಿ ಆಗಿತ್ತು. ಆದರೂ ಹಿಂದೆ ಕೂತವರಿಗೆ ಅವರ ಪಿಟೀಲು ಮುಟ್ತಿರಲಿಲ್ಲ. ಹೆಸರು ಬಂದ ಮೇಲೂ ಈ ಕೊರತೆಯನ್ನ ತಮ್ಮದೇ ಅಂತ ತಗೊಂಡರಲ್ಲ, ಅದು ನಮಗೆ ದೊಡ್ಡದಾಗಿ ಕಂಡಿತು. ಕೇಳಿಸದಿದ್ದರೆ ಮುಂದೆ ಬಂದು ಕೂತ್ಕೊಳ್ಳಿ ಅಂದುಬಿಡಬಹುದಿತ್ತು.

ಅವರು ಮಾಡಿದ್ದು ಇಷ್ಟು: ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದರು. ಏಳು ತಂತಿಯ ಪಿಟೀಲು.

ಹೇಳೋಕೆ ಒಂದು ಸಾಲು. ಮಾಡೋಕೆ ಎಷ್ಟು ಕಷ್ಟ ಅಂತ ಮೆಕ್ಯಾನಿಕಲ್‌ನವರು ಯೋಚಿಸಿ ನೋಡಿ. ಪಾಶ್ಚಾತ್ಯ ಶ್ರುತಿಯಲ್ಲಿ ಕಟ್ಟಿದ ಸಾಮಾನ್ಯ ಪಿಟೀಲಿನ ನಾಲ್ಕು ತಂತಿಗಳ ಒಟ್ಟು ಎಳೆತವೇ 20 ಕೆ.ಜಿ. ಮೀರುತ್ತೆ. ನಮ್ಮ ಶ್ರುತಿ ಅದಕ್ಕಿಂತ ಕೆಳಗಿರುತ್ತೆ ಅಂತಲೇ ಇಟ್ಟುಕೊಳ್ಳಿ, ಮೂರು ತಂತಿ ಹೆಚ್ಚಾದರೆ ಕುದುರೆಯ ಮೇಲೆ, ಅದರ ಕೆಳಗಿನ ತೆಳು ಹಲಗೆಯ ಮೇಲೆ ಬೀಳೋ ಭಾರ ಎಷ್ಟು ಏರುತ್ತೆ! ಬಿರಡೆಗಳಿಗೆ ಜಾಗ ಹುಡುಕಬೇಕು. ಜೋಡಿ ತಂತಿಯನ್ನ ಒಂದೇ ಬೆರಳು ಸಮವಾಗಿ ಒತ್ತಬೇಕು, ಜಾರುವಾಗ ಎರಡೂ ಒಟ್ಟಿಗೆ ಜಾರಬೇಕು. ಕಮಾನು ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಅದಕ್ಕೆ ಬಲಗೈಯಲ್ಲಿ ಹೆಚ್ಚು ಕಸುವು ಬೇಕು. ಜೊತೆಗೆ ಕಚೇರಿಯ ಮಧ್ಯೆ ಒಂದು ತಂತಿ ಇಳಿದರೂ ಅದರ ಜೋಡಿಯ ಜೊತೆ ಕಚ್ಚಾಡೋಕೆ ಶುರುಮಾಡುತ್ತೆ. ಇಂಥ ವಾದ್ಯ ಇಟ್ಟುಕೊಂಡು ರಾತ್ರಿ ನಾಲ್ಕೈದು ಗಂಟೆ ಪಕ್ಕವಾದ್ಯ ನುಡಿಸೋದು ಅಂದರೆ ತಮಾಷೆಯಲ್ಲ.

ನಾವು ಒಂದು ಲೆಕ್ಕ ಹಾಕಿದ್ವಿ. ಒಂದರ ಜಾಗದಲ್ಲಿ ಎರಡು ತಂತಿ ಮಿಡಿದರೆ ಸದ್ದಿನ ಶಕ್ತಿ ಹೆಚ್ಚೂಕಮ್ಮಿ ಎರಡು ಪಟ್ಟು, ಅಂದರೆ 3 ಡೆಸಿಬೆಲ್ ಏರಿಕೆ ಅಂತಿಟ್ಟುಕೊಳ್ಳೋಣ. ಬಯಲಿನಲ್ಲಿ ಅದರಿಂದ ಗಳಿಸೋ ದೂರ ಸುಮಾರು 1.4 ಪಟ್ಟು. ಮೊದಲು 20 ಮೀಟರ್‌ವರೆಗೆ ಕೇಳ್ತಿದ್ದದ್ದು ಈಗ 28 ಮೀಟರ್. ಇಷ್ಟೇನಾ ಅಂತ ನಮಗೂ ಅನ್ನಿಸಿತು. ಆದರೆ ಕಾಗದದ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತೆ. ಎರಡು ತಂತಿ ಎಷ್ಟೇ ಶ್ರುತಿಗೂಡಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತೆ. ಆ ವ್ಯತ್ಯಾಸದಿಂದಲೇ ನಾದ ದಪ್ಪವಾಗಿ, ಅಲೆಅಲೆಯಾಗಿ, ಒಬ್ಬರ ಬದಲು ಇಬ್ಬರು ನುಡಿಸಿದ ಹಾಗೆ ಕೇಳುತ್ತೆ. ಗಿಟಾರ್‌ನವರಿಗೆ ಇದು ಗೊತ್ತಿರೋ ಸದ್ದೇ. ಬಾಸ್ ಕಂಪನಿ 1976ರಲ್ಲಿ ಹೊರತಂದ ಸಿಇ-1 ಅನ್ನೋ ಕೋರಸ್ ಪೆಡಲ್ ಮಾಡೋದೂ ಇದನ್ನೇ. ಬಂದ ಸದ್ದಿನ ಒಂದು ಪ್ರತಿಯನ್ನ ತುಸು ತಡಮಾಡಿ, ತುಸು ಅಲುಗಿಸಿ, ಮೂಲದ ಜೊತೆ ಬೆರೆಸೋದು. ಚೌಡಯ್ಯ ಅದನ್ನ ಸುಮಾರು ಐವತ್ತು ವರ್ಷ ಮುಂಚೆ, ಬ್ಯಾಟರಿ ಇಲ್ಲದೆ, ಮರದ ಮೇಲೆ ತಂತಿ ಕಟ್ಟಿ ಮಾಡಿದ್ದರು.

ಇನ್ನೊಂದು ಕಡೆ ಇದೇ ಕಷ್ಟ ಬೇರೆ ಥರ ಬಗೆಹರಿಯಿತು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಗಿಟಾರ್ ನುಡಿಸೋಕೆ ಬಾರದ ರೇಡಿಯೋ ರಿಪೇರಿಯವರು. ಅಲ್ಲಿನ ಡಾನ್ಸ್ ಬ್ಯಾಂಡುಗಳಲ್ಲಿ ಆಳೆತ್ತರದ ಡಬಲ್ ಬೇಸ್ ಹೊತ್ತು ತರ್ತಿದ್ದವರಿಗೆ ಹೊರೋ ಕಷ್ಟ ಒಂದು, ಹೊತ್ತು ತಂದರೂ ಕೇಳಿಸದ ಕಷ್ಟ ಇನ್ನೊಂದು. ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾಡಿದರು. ನಾಲ್ಕೇ ತಂತಿ, ಕುತ್ತಿಗೆಗೆ ಫ್ರೆಟ್, ಉಳಿದದ್ದು ಪಿಕಪ್ ಮತ್ತು ಆಂಪ್ಲಿಫೈಯರ್‌ನ ಪಾಲಿಗೆ. ಚೌಡಯ್ಯನವರ ಕೈಲಿ ಆಂಪ್ಲಿಫೈಯರ್ ಇರಲಿಲ್ಲ, ಅವರು ತಂತಿ ಹೆಚ್ಚಿಸಿದರು. ಇಬ್ಬರೂ ಹೊರಟದ್ದು ಒಂದೇ ದೂರಿನಿಂದ.

ಎಲ್ಲರೂ ಏಳು ತಂತಿಯನ್ನ ಒಪ್ಪಲಿಲ್ಲ. ನಾದ ದಪ್ಪವಾದರೆ ಸೂಕ್ಷ್ಮ ಕಳೆದುಹೋಗುತ್ತೆ ಅನ್ನೋದು ಸುಳ್ಳು ಆಕ್ಷೇಪಣೆ ಏನಲ್ಲ. ಅದೇ ಕಾಲದಲ್ಲಿ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರು ನಾಲ್ಕು ತಂತಿಯಲ್ಲೇ ನುಡಿಸಿ ಪಿಟೀಲಿನ ಮಹಾ ವಿದ್ವಾಂಸರಲ್ಲಿ ಒಬ್ಬರಾದರು. ಅಂದಹಾಗೆ ದ್ವಾರಂ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಆಂಧ್ರದಲ್ಲಿ. ಹಾಗಾಗಿ ಏಳು ಮೇಲೋ ನಾಲ್ಕು ಮೇಲೋ ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. ಯಾರ ಕೈ, ಯಾವ ಕಚೇರಿ ಅನ್ನೋದರ ಮೇಲೆ ಹೋಗುತ್ತೆ.

1930ರ ದಶಕದಲ್ಲಿ ಮೈಕು ಕಚೇರಿಗಳಿಗೆ ಬರತೊಡಗಿತು. ನಮ್ಮ ಪ್ರಕಾರ ಚೌಡಯ್ಯನವರ ಬದುಕಿನ ಕುತೂಹಲದ ಭಾಗ ಇಲ್ಲಿಂದ ಶುರು. ಯಾವ ಕೊರತೆಗೆ ಅಂತ ಏಳು ತಂತಿ ಕಟ್ಟಿದ್ದರೋ ಆ ಕೊರತೆಯೇ ನಿಧಾನಕ್ಕೆ ಇಲ್ಲವಾಯಿತು. ಲೆಕ್ಕದ ಪ್ರಕಾರ ಮೂರು ತಂತಿ ಬಿಚ್ಚಿಡಬಹುದಿತ್ತು, ಶ್ರುತಿ ಮಾಡೋ ತಲೆನೋವು ಕಡಿಮೆಯಾಗ್ತಿತ್ತು. ಅವರು ಬಿಚ್ಚಲಿಲ್ಲ. ಅಷ್ಟು ಹೊತ್ತಿಗೆ ಆ ನಾದ ಉಪಾಯ ಆಗಿ ಉಳಿದಿರಲಿಲ್ಲ, ಅವರ ದನಿಯೇ ಆಗಿತ್ತು. ಮುಂದೆ 19 ತಂತಿಯ ಪಿಟೀಲನ್ನೂ ಮಾಡಿ ನೋಡಿದರು. ಸ್ವಲ್ಪ ಅತಿ ಅಂತ ನಮ್ಮಲ್ಲಿ ಕೆಲವರಿಗೆ ಅನ್ನಿಸಿದೆ. ಪೆಡಲ್‌ಬೋರ್ಡಿನಲ್ಲಿ ಜಾಗ ಇದೆ ಅಂತ ಹನ್ನೆರಡನೇ ಪೆಡಲ್ ತರೋರು ಮಾತ್ರ ಇದಕ್ಕೆ ನಗಬಾರದು.

ಉಳಿದ ವಿವರ ಬೇಗ ಹೇಳಿಬಿಡ್ತೀವಿ. 1939ರಲ್ಲಿ ಮೈಸೂರು ಆಸ್ಥಾನದ ವಿದ್ವಾಂಸರಾದರು. ಅರಿಯಾಕುಡಿ, ಚೆಂಬೈ ಅಂಥವರಿಗೆ ಊರೂರಲ್ಲಿ ಪಕ್ಕವಾದ್ಯ ನುಡಿಸಿದರು. ತ್ರಿಮಕುಟ ಅನ್ನೋ ಅಂಕಿತದಲ್ಲಿ ಕೃತಿಗಳನ್ನ ರಚಿಸಿದರು. ಹುಟ್ಟೂರಿನ ಹೆಸರೇ ಅಂಕಿತ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ನಡೆಸಿದರು. ರುದ್ರಪಟ್ಟಣದ ಆರ್.ಕೆ. ವೆಂಕಟರಾಮ ಶಾಸ್ತ್ರಿ, ವಿ. ಸೇತುರಾಮಯ್ಯ ಮುಂತಾದ ಶಿಷ್ಯರು ಬಂದರು. 1943ರಲ್ಲಿ ವಾಣಿ ಅನ್ನೋ ಕನ್ನಡ ಸಿನಿಮಾ ಮಾಡಿದರು. ಪಂಢರಿಬಾಯಿ ಅವರ ಮೊದಲ ಚಿತ್ರ ಅದು. ಅದರಲ್ಲಿ ಚೆಂಬೈ ಹಾಡುಗಾರಿಕೆ, ಚೌಡಯ್ಯ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗದ ಕಚೇರಿಯೂ ಇತ್ತು. ಇದೇ ಮಣಿ ಅಯ್ಯರ್ ಮುಂದೆ ಮೈಕೇ ಬೇಡ ಅಂತ ಹಟ ಹಿಡಿದು, ಮೈಕಿಲ್ಲದ ಕಚೇರಿಗಳಿಗೆ ಒತ್ತಾಯಿಸಿದರು. ಸಾಧನ ಎಷ್ಟು ಬೇಕು ಅನ್ನೋ ಜಗಳ ನಮ್ಮ ಹಾಸ್ಟೆಲ್ಲಿನಲ್ಲಿ ಹುಟ್ಟಿದ್ದಲ್ಲ ಅಂತ ತಿಳಿದು ನಮಗೂ ಸಮಾಧಾನ ಆಯಿತು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಚೌಡಯ್ಯನವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರ ಜನವರಿ 19ರಂದು ತೀರಿಕೊಂಡರು.

ಈಗ ನಮ್ಮ ಬೇಸಿನ ಕಥೆ. ಚೌಡಯ್ಯನವರನ್ನ ಓದಿದ ಮೇಲೆ ನಾವು ಮಾಡಿದ ಮೊದಲ ಕೆಲಸ ಅಂಗಡಿಗೆ ಹೋಗೋದಲ್ಲ, ಆಡಿಟೋರಿಯಮ್ಮಿನ ಹಿಂದಿನ ಸಾಲಿಗೆ ಹೋಗಿ ಕೂರೋದು. ಒಬ್ಬರು ಸ್ಟೇಜಿನಲ್ಲಿ ಹಳೇ ಬೇಸ್ ನುಡಿಸಿದರು, ನಾವು ಕೇಳಿದ್ವಿ. ಬೇಸಿನ ಅತಿ ಕೆಳಗಿನ ಇ ತಂತಿ 41 ಹರ್ಟ್ಜ್. ಅಷ್ಟು ಕೆಳಗೆ ಕಿವಿಯೂ ಮಂದ, ನಮ್ಮ ಬಾಡಿಗೆ ಸ್ಪೀಕರೂ ಮಂದ. ದೂರಕ್ಕೆ ಹೋಗೋದು ಅದರ ಮೇಲಿನ 82, 123, 165ರ ಹಾರ್ಮೋನಿಕ್ಸ್. ಐದು ತಂತಿಯ ಬೇಸಿನ ಬಿ ತಂತಿ ಇನ್ನೂ ಕೆಳಗೆ, ಸುಮಾರು 31 ಹರ್ಟ್ಜ್. ಒಳ್ಳೆ ಸಬ್‌ವೂಫರ್ ಇಲ್ಲದ ಕಡೆ ಅದಕ್ಕೆ ದುಡ್ಡು ಸುರಿಯೋದು ಗಾಳಿಗೆ ಸುರಿದ ಹಾಗೆ. ಚೌಡಯ್ಯನವರಿಗೆ ತಂತಿ ಹೆಚ್ಚಿಸೋದು ಸರಿಯಾಗಿತ್ತು, ನಮಗೆ ಅಲ್ಲ. ಸ್ಟೇಜಿನಲ್ಲಿ ಕೆಳಗಿನ ಬೇಸ್ ನಾಬ್ ತಿರುಗಿಸಿ ತಿರುಗಿಸಿ ನಾವೇ ನಮ್ಮ ಸದ್ದನ್ನ ಹೂತುಹಾಕಿದ್ದೆವು ಅಂತಲೂ ಗೊತ್ತಾಯಿತು. ನಡುವಿನ ಮಿಡ್ ಸ್ವಲ್ಪ ಏರಿಸಿದ ಕೂಡಲೇ ಹಿಂದಿನ ಬೆಂಚಿಗೆ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಿತು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆ ಗುಂಯ್ ಸದ್ದಿನ ಮೂಲವೂ ಸಿಕ್ಕಿತು. ನಮ್ಮ ಕರೆಂಟು 50 ಹರ್ಟ್ಜ್, ಬೇಸಿನ ಇ ತಂತಿಯ ಮೂರನೇ ಫ್ರೆಟ್ಟಿನ ಜಿ 49 ಹರ್ಟ್ಜ್. ಜಿ ನುಡಿಸಿದಾಗಲೆಲ್ಲ ಗ್ರೌಂಡ್ ಲೂಪಿನ ಹಮ್ಮು ಪಕ್ಕದಲ್ಲೇ ನಿಂತು ಕಚ್ಚಾಡ್ತಿತ್ತು. 1902ರಲ್ಲಿ ಕೆಜಿಎಫ್‌ಗೆ ಬಂದ ಕರೆಂಟು 25 ಸೈಕಲ್‌ನದ್ದು. ಆಗಿದ್ದಿದ್ದರೆ ಬೇರೆ ಸ್ವರ ಹಾಳಾಗ್ತಿತ್ತೇನೋ. ಗ್ರೌಂಡ್ ಲಿಫ್ಟ್ ಇರೋ ಡಿಐ ಬಾಕ್ಸ್ ಹಾಕಿದ ಮೇಲೆ ಹಮ್ಮು ಹೋಯಿತು.

ಕೊನೆಗೆ ಕೊಂಡದ್ದು ಇಷ್ಟು: ಸೆಕೆಂಡ್ ಹ್ಯಾಂಡ್ ನಾಲ್ಕು ತಂತಿಯ ಬೇಸ್, ಆ ಡಿಐ ಬಾಕ್ಸ್, ಒಂದು ಟ್ಯೂನರ್ ಪೆಡಲ್. ಓವರ್‌ಡ್ರೈವ್ ಒಂದನ್ನ ಸ್ನೇಹಿತರಿಂದ ಎರವಲು ತಂದಿದ್ದೀವಿ. ಮೂಲ ಸದ್ದಿನ ಜೊತೆ ಚೂರು ಬೆರೆಸಿದರೆ ಹಾರ್ಮೋನಿಕ್ಸ್ ಹೆಚ್ಚಿ ಸಣ್ಣ ಸ್ಪೀಕರಿನಲ್ಲೂ ಬೇಸ್ ಕೇಳುತ್ತೆ. ಕಂಪ್ರೆಸರ್ ಬೇಕು ಅಂತ ಬೇಸಿಸ್ಟ್ ಇನ್ನೂ ಗೋಗರೀತಿದ್ದಾನೆ. ಮೊದಲು ಬೆರಳು ಸಮವಾಗಲಿ ಅಂತ ಉಳಿದವರು.

ಬೇಸ್ ತರೋಕೆ ಬೆಂಗಳೂರಿಗೆ ಹೋದ ದಿನವೇ ಚೌಡಯ್ಯ ಮೆಮೋರಿಯಲ್ ಹಾಲ್ ನೋಡಿಕೊಂಡು ಬಂದೆವು. 1980ರಲ್ಲಿ ಆದದ್ದು, ಸಾವಿರ ಚಿಲ್ಲರೆ ಜನ ಕೂರಬಹುದು. ಪಿಟೀಲಿನ ಮೈ, ಕುದುರೆ, ಬಿರಡೆ ಎಲ್ಲ ಕಾಂಕ್ರೀಟಿನಲ್ಲಿ. ಹೊರಗೆ ರಸ್ತೆಯಲ್ಲಿ ನಿಂತು ನಾವು ಮಾಡಿದ್ದು ಒಂದೇ ಕೆಲಸ, ತಂತಿ ಎಣಿಸಿದ್ದು. ಆಮೇಲೆ ಬೇಸ್ ಚೀಲ ಹೆಗಲಿಗೇರಿಸಿ ಮಾರಿಕುಪ್ಪಂ ರೈಲು ಹತ್ತಿದೆವು. ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿನ್ನೋಣ ಅಂದರೆ ಖಜಾಂಚಿ ಹತ್ತಿರ ಉಳಿದಿದ್ದು ಒಂದು ಪ್ಲೇಟಿಗೆ ಮಾತ್ರ.