ಪರದೇಶವಾಸದಲ್ಲಿ ವ್ರತರಕ್ಷಣೆ

ಸ್ವಗೃಹದಲ್ಲಿ, ಬಂಧುಬಾಂಧವರ ನಡುವೆ ವ್ರತವನ್ನು ಪಾಲಿಸುವುದು ಅಷ್ಟೊಂದು ಕಠಿಣವಲ್ಲ. ಅಡಿಗೆ ಮಾಡುವವರಿಗೆ ವ್ರತಿಯ ನಿಯಮ ತಿಳಿದಿರುತ್ತದೆ. ಕೇಳುವ ಮೊದಲೇ ಅವನಿಗೆ ತಕ್ಕ ಆಹಾರ ಎಲೆಗೆ ಬರುತ್ತದೆ. ಊರು ಬಿಟ್ಟೊಡನೆ ಈ ಆಸರೆಗಳೆಲ್ಲ ಕಳಚಿಹೋಗುತ್ತವೆ. ಅಂಥ ಸಮಯದಲ್ಲಿ ತನ್ನಲ್ಲಿ ಬದಲಾಗಬೇಕಾದುದು ಯಾವುದು, ಬದಲಾಗಬಾರದುದು ಯಾವುದು ಎಂಬ ವಿವೇಕವೇ ಮನುಷ್ಯನಿಗೆ ದಾರಿದೀಪ. ಈ ವಿವೇಕವನ್ನು ಕಷ್ಟಪಟ್ಟು ಸಂಪಾದಿಸಿದವರಲ್ಲಿ ಮಹಾತ್ಮಾ ಗಾಂಧೀಜಿಯವರು ಒಬ್ಬರು. ಅವರು ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿ ಕಳೆದ ವರ್ಷಗಳ ವೃತ್ತಾಂತ ಪ್ರತಿಯೊಂದು ಶ್ರಾವಕ ಕುಟುಂಬವೂ ಮನನ ಮಾಡತಕ್ಕದ್ದಾಗಿದೆ.

ಮೋಹನದಾಸರು ೧೮೬೯ನೆಯ ಇಸವಿ ಅಕ್ಟೋಬರ್ ೨ರಂದು ಕಾಠಿಯಾವಾಡದ ಪೋರಬಂದರಿನಲ್ಲಿ ಜನಿಸಿದರು. ಮನೆತನವು ವೈಷ್ಣವ ಸಂಪ್ರದಾಯದ್ದಾದರೂ ತಂದೆ ಕರಮಚಂದರ ಬಳಿಗೆ ಜೈನ ಸಾಧುಗಳು ಆಗಾಗ ಬರುತ್ತಿದ್ದರು; ಆ ಮನೆಯ ಆಹಾರವನ್ನೂ ಸ್ವೀಕರಿಸುತ್ತಿದ್ದರು. ತಾಯಿ ಪುತಲೀಬಾಯಿಯವರು ವ್ರತೋಪವಾಸಗಳಲ್ಲಿ ಅಪಾರ ನಿಷ್ಠೆಯುಳ್ಳವರು. ಒಂದು ಚಾತುರ್ಮಾಸದಲ್ಲಿ ಅವರು ಸೂರ್ಯದರ್ಶನವಾಗದೆ ಆಹಾರ ಸ್ವೀಕರಿಸುವುದಿಲ್ಲವೆಂದು ನಿಯಮ ಕೈಗೊಂಡಿದ್ದರು. ಮಳೆಗಾಲದ ಮೋಡಗಳ ನಡುವೆ ಸೂರ್ಯನು ಕಂಡೊಡನೆ ಮಕ್ಕಳು ಓಡಿಹೋಗಿ ತಾಯಿಯನ್ನು ಕರೆಯುವರು. ಆಕೆ ಹೊರಬರುವಷ್ಟರಲ್ಲಿ ಸೂರ್ಯನು ಮರೆಯಾದರೆ, ಇಂದು ಊಟ ದೈವಚಿತ್ತವಲ್ಲವೆಂದು ಸಂತೋಷದಿಂದಲೇ ಒಳಗೆ ಹೋಗಿ ಕೆಲಸದಲ್ಲಿ ತೊಡಗುವರು. ವ್ರತವೆಂದರೇನೆಂಬುದನ್ನು ಮಗನು ಮೊದಲು ಕಲಿತದ್ದು ಈ ತಾಯಿಯಿಂದ.

೧೮೮೮ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗಾಗಿ ಅವರನ್ನು ವಿಲಾಯತಿಗೆ ಕಳುಹಿಸುವ ಮಾತು ಬಂದಿತು. ಅಲ್ಲಿಗೆ ಹೋದ ತರುಣರು ಮದ್ಯಮಾಂಸಗಳಿಗೆ ಬಲಿಯಾಗುತ್ತಾರೆಂದು ಕೇಳಿದ್ದ ತಾಯಿ ಒಪ್ಪಿಗೆ ಕೊಡಲು ಹಿಂಜರಿದರು. ಮೋಢ ಬನಿಯಾ ಕುಲದಲ್ಲಿ ಹುಟ್ಟಿ ಜೈನ ಸಾಧುಗಳಾಗಿದ್ದ ಬೇಚರಜೀ ಸ್ವಾಮಿಗಳು ಈ ಕುಟುಂಬದ ಹಿತೈಷಿಗಳು. ಅವರು ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ಮುಟ್ಟುವುದಿಲ್ಲವೆಂಬ ಪ್ರತಿಜ್ಞೆಯನ್ನು ಮೋಹನದಾಸರಿಗೆ ಮಾಡಿಸಿದ ಮೇಲೆಯೇ ತಾಯಿ ಸಮ್ಮತಿಸಿದರು. ಮುಂಬಯಿಯಲ್ಲಿ ಜಾತಿಯ ಮುಖಂಡರು ಸಮುದ್ರಯಾನಕ್ಕಾಗಿ ಬಹಿಷ್ಕಾರ ಹಾಕಿದರು. ಪತ್ನಿ ಕಸ್ತೂರಬಾ ಹಾಗೂ ಎಳೆಯ ಮಗುವನ್ನು ಬಿಟ್ಟು, ಆ ವರ್ಷ ಸೆಪ್ಟೆಂಬರ್ ೪ರಂದು ಅವರು ಹಡಗನ್ನೇರಿದರು.

ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದ ಪರದೇಶಕ್ಕೂ ಕಣ್ಣೆದುರಿನ ಪರದೇಶಕ್ಕೂ ಇದ್ದ ಅಂತರ ಹಡಗಿನಲ್ಲಿಯೇ ಅರಿವಾಗತೊಡಗಿತು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚ. ಇಂಗ್ಲಿಷಿನಲ್ಲಿ ಮಾತನಾಡಲು ಅಂಜಿಕೆ. ಮನೆಯಿಂದ ತಂದಿದ್ದ ಸಿಹಿತಿಂಡಿ ಮತ್ತು ಹಣ್ಣುಗಳನ್ನೇ ತಮ್ಮ ಕೋಣೆಯಲ್ಲಿ ಕುಳಿತು ತಿಂದರು. ಇಳಿಯುವ ದಿನಕ್ಕೆಂದು ಜೋಪಾನವಾಗಿ ಇಟ್ಟುಕೊಂಡಿದ್ದ ಬಿಳಿಯ ಫ್ಲಾನೆಲ್ ಉಡುಪನ್ನು ಧರಿಸಿ ಇಳಿದರೆ, ಬಿಳಿಯುಡುಪಿನವರು ಅಲ್ಲಿ ತಾವೊಬ್ಬರೇ! ಲಂಡನ್ನಿನ ಹೋಟೆಲಿನಲ್ಲಿ ಸರಿಯಾಗಿ ಉಣ್ಣದಿದ್ದರೂ ೩ ಪೌಂಡು ತೆರಬೇಕಾಯಿತು. ರಾತ್ರಿಯಾದರೆ ತಾಯಿಯ ನೆನಪಿನಿಂದ ಕಣ್ಣೀರು ಹರಿಯುತ್ತಿತ್ತು. ಅಲ್ಲಿರುವುದೂ ದುಸ್ಸಹ, ಹಿಂದಿರುಗುವುದೂ ಅಸಾಧ್ಯವೆಂಬ ಸ್ಥಿತಿಯಲ್ಲಿ, ಬಂದ ಮೇಲೆ ಮೂರು ವರ್ಷಗಳನ್ನು ಪೂರೈಸಲೇಬೇಕೆಂದು ಅವರು ನಿಶ್ಚಯಿಸಿದರು.

ರಿಚ್‌ಮಂಡಿನಲ್ಲಿ ಮಿತ್ರರೊಬ್ಬರ ಆಶ್ರಯ ದೊರೆಯಿತು. ಬೆಳಗ್ಗೆ ಓಟ್ಸಿನ ಗಂಜಿಯಿಂದ ಹೊಟ್ಟೆ ತುಂಬುತ್ತಿತ್ತು. ಮಧ್ಯಾಹ್ನ ಮತ್ತು ಸಂಜೆ ಬೇಯಿಸಿದ ಪಾಲಕ್ ಸೊಪ್ಪು, ಬ್ರೆಡ್ಡು, ಜಾಮ್ ಮಾತ್ರ. ಉಪ್ಪುಕಾರವಿಲ್ಲದ ಆ ಸೊಪ್ಪು ಗಂಟಲಲ್ಲಿ ಇಳಿಯದು. ಎರಡು ಮೂರು ತುಂಡಿಗಿಂತ ಹೆಚ್ಚು ಬ್ರೆಡ್ಡು ಕೇಳಲು ನಾಚಿಕೆ. ನಿರಕ್ಷರಿಯಾದ ತಾಯಿಯ ಮುಂದೆ, ಇಲ್ಲಿಯ ಸ್ಥಿತಿಯನ್ನರಿಯದೆ ಮಾಡಿದ ಪ್ರತಿಜ್ಞೆಗೆ ಬೆಲೆಯೇನೆಂದು ಆ ಮಿತ್ರರು ವಾದಿಸಿದರು. ಬೆಂಥಾಮನ ಗ್ರಂಥವನ್ನೂ ಓದಿ ಹೇಳಿದರು. ವಾದದಲ್ಲಿ ಗೆಲ್ಲುವ ಶಕ್ತಿ ತಮಗಿಲ್ಲವೆಂದೂ, ಪ್ರತಿಜ್ಞೆಯನ್ನು ಮಾತ್ರ ಮುರಿಯಲಾಗದೆಂದೂ ಮೋಹನದಾಸರು ವಿನಯದಿಂದ ತಿಳಿಸಿದರು. ಮುಂದೆ ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಬಿಡಾರ ಮಾಡಿದಾಗಲೂ ಅರೆಹೊಟ್ಟೆಯೇ. ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದು ಸಸ್ಯಾಹಾರದ ಊಟ ಹುಡುಕುತ್ತಿರಲು, ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರಿ ಭೋಜನಗೃಹವೊಂದು ಕಣ್ಣಿಗೆ ಬಿತ್ತು. ಅಲ್ಲಿ ಹೆನ್ರಿ ಸಾಲ್ಟನು ಸಸ್ಯಾಹಾರವನ್ನು ಸಮರ್ಥಿಸಿ ಬರೆದ ಪುಸ್ತಕವನ್ನು ಒಂದು ಷಿಲಿಂಗಿಗೆ ಕೊಂಡು, ಇಂಗ್ಲೆಂಡಿಗೆ ಬಂದಂದಿನಿಂದ ಮೊದಲ ಬಾರಿಗೆ ತೃಪ್ತಿಯಾಗಿ ಉಂಡರು. ಅದುವರೆಗೆ ತಾಯಿಗಾಗಿ ಪಾಲಿಸಿದ ನಿಯಮ ಅಂದಿನಿಂದ ಅವರ ಸ್ವಂತ ಶ್ರದ್ಧೆಯಾಯಿತು.

ಆದರೂ ಹೊಸ ದೇಶಕ್ಕೆ ಹೊಂದಿಕೊಳ್ಳುವುದೆಂದರೆ ಏನೆಂಬುದು ಇನ್ನೂ ಸ್ಪಷ್ಟವಾಗಿರಲಿಲ್ಲ. ಆಹಾರದಲ್ಲಿ ಭಿನ್ನರಾದುದಕ್ಕೆ ಬದಲಾಗಿ ಉಳಿದೆಲ್ಲದರಲ್ಲಿ ಆಂಗ್ಲ ಸಭ್ಯಗೃಹಸ್ಥರಂತಾಗಬೇಕೆಂದು ಅವರು ಹೊರಟರು. ಬಾಂಡ್ ಬೀದಿಯಲ್ಲಿ ೧೦ ಪೌಂಡಿನ ಉಡುಪು ಹೊಲಿಸಿದರು; ೧೯ ಷಿಲಿಂಗಿನ ಎತ್ತರದ ಟೋಪಿ ಕೊಂಡರು; ನೃತ್ಯ, ಪಿಟೀಲು, ವಾಕ್ಪಟುತ್ವದ ಪಾಠಗಳಿಗೆ ಸೇರಿದರು. ಸುಮಾರು ಮೂರು ತಿಂಗಳಲ್ಲಿ ಈ ವ್ಯಾಮೋಹದ ಪೊರೆ ಹರಿಯಿತು. ತಾವು ಬಂದದ್ದು ವಿದ್ಯಾರ್ಜನೆಗೆ, ಖರ್ಚಾಗುತ್ತಿರುವುದು ಅಣ್ಣನ ಹಣ ಎಂಬ ಎಚ್ಚರ ಮೂಡಿತು. ಕಾಸುಕಾಸಿಗೂ ಲೆಕ್ಕವಿಡುತ್ತಿದ್ದ ಅವರು ಒಂದೇ ಕೋಣೆಗೆ ಬಿಡಾರ ಬದಲಿಸಿ, ಗಾಡಿ ಬಿಟ್ಟು ನಡೆದು, ಬೆಳಗಿನ ಗಂಜಿಯನ್ನು ತಾವೇ ಕಾಸಿಕೊಂಡು, ದಿನಕ್ಕೆ ೧ ಷಿಲಿಂಗ್ ೩ ಪೆನ್ಸಿನಲ್ಲಿ ಜೀವಿಸಲು ಕಲಿತರು.

ಮನೆಯಿಂದ ತರಿಸಿಕೊಳ್ಳುತ್ತಿದ್ದ ಸಿಹಿ ಮತ್ತು ಮಸಾಲೆಗಳನ್ನೂ ನಿಲ್ಲಿಸಿದರು. ಆಗೊಂದು ಆಶ್ಚರ್ಯ ಸಂಭವಿಸಿತು. ರಿಚ್‌ಮಂಡಿನಲ್ಲಿ ಸಪ್ಪೆಯೆನಿಸಿದ್ದ ಬೇಯಿಸಿದ ಪಾಲಕ್ ಸೊಪ್ಪು ಈಗ ಸವಿಯಾಗಿ ತೋರಿತು. ಸೊಪ್ಪು ಅದೇ, ನಾಲಗೆಯೂ ಅದೇ. ರುಚಿಯ ನೆಲೆ ನಾಲಗೆಯಲ್ಲ, ಮನಸ್ಸು ಎಂಬುದು ಅನುಭವಕ್ಕೆ ಬಂದಿತು. ಷಡ್ವಿಧ ಬಾಹ್ಯತಪಗಳಲ್ಲಿ ರಸಪರಿತ್ಯಾಗಕ್ಕೆ ಆಚಾರ್ಯರು ಸ್ಥಾನ ಕೊಟ್ಟಿರುವುದರ ಔಚಿತ್ಯ ಇಲ್ಲಿ ವ್ಯಕ್ತವಾಗುತ್ತದೆ.

ಕಠಿಣತರ ಪರೀಕ್ಷೆ ಬಂದದ್ದು ಶಬ್ದಾರ್ಥದ ರೂಪದಲ್ಲಿ. ಆ ದೇಶದ ಸಸ್ಯಾಹಾರಿಗಳಲ್ಲಿ ಮಾಂಸವೆಂಬ ಪದಕ್ಕೆ ಮೂರು ಅರ್ಥಗಳಿದ್ದವು. ಕೆಲವರು ಪಶುಪಕ್ಷಿಗಳ ಮಾಂಸವನ್ನಷ್ಟೇ ಬಿಟ್ಟು ಮೀನು ಮೊಟ್ಟೆಗಳನ್ನು ತಿನ್ನುತ್ತಿದ್ದರು. ಕೆಲವರು ಮೀನನ್ನೂ ಬಿಟ್ಟು ಮೊಟ್ಟೆಯನ್ನು ಉಳಿಸಿಕೊಂಡಿದ್ದರು. ಮತ್ತೆ ಕೆಲವರು ಹಾಲನ್ನೂ ತ್ಯಜಿಸಿದ್ದರು. ಮೊಟ್ಟೆ ಮಾಂಸವಲ್ಲವೆಂಬ ಮಾತಿಗೆ ಮರುಳಾಗಿ ಮೋಹನದಾಸರು ಸ್ವಲ್ಪ ಕಾಲ ಮೊಟ್ಟೆ ತಿಂದರು. ಆದರೆ ಪ್ರತಿಜ್ಞೆಯನ್ನು ಕೊಡಿಸಿದ ತಾಯಿಯ ಅರ್ಥದಲ್ಲಿ ಮೊಟ್ಟೆಯೂ ಮಾಂಸದಲ್ಲಿ ಸೇರಿದ್ದಲ್ಲವೆ? ತನಗೆ ಅನುಕೂಲವಾದ ಅರ್ಥವನ್ನು ಹಚ್ಚುವ ಅಧಿಕಾರ ವ್ರತಿಗಿಲ್ಲವೆಂದು ಅರಿತ ಕೂಡಲೆ ಅದನ್ನು ತ್ಯಜಿಸಿದರು. ಮೊಟ್ಟೆ ಬೆರೆತ ಕೇಕು, ಕಡುಬುಗಳೂ ಇದರಿಂದ ನಿಷಿದ್ಧವಾಗಿ, ಸಸ್ಯಾಹಾರಿ ಭೋಜನಗೃಹದಲ್ಲಿಯೂ ಪ್ರತಿಯೊಂದು ಪದಾರ್ಥವನ್ನು ವಿಚಾರಿಸಿ ಉಣ್ಣಬೇಕಾಯಿತು. ಅತಿಚಾರವು ವ್ರತವನ್ನು ಎದುರಿನಿಂದ ಮುರಿಯದೆ ಪಕ್ಕದ ಬಾಗಿಲಿನಿಂದ ಪ್ರವೇಶಿಸುವ ಬಗೆ ಇದು.

ಒಂಟಿಯಾಗಿ ಊಟ ಹುಡುಕಿದ ತರುಣರಿಗೆ ಆ ವ್ರತವೇ ಸತ್ಸಂಗವನ್ನು ತಂದುಕೊಟ್ಟಿತು. ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಸಮಿತಿಗೆ ಸದಸ್ಯರಾದರು. ೧೮೯೧ರಲ್ಲಿ ಆ ಸಂಘಟನೆಯ ಪತ್ರಿಕೆಗೆ ಲೇಖನಗಳನ್ನು ಬರೆದರು. ಅದೇ ವರ್ಷ ಜೂನ್ ೧೦ರಂದು ಬ್ಯಾರಿಸ್ಟರರಾಗಿ, ೧೨ರಂದು ಸ್ವದೇಶಕ್ಕೆ ಹೊರಟರು. ವ್ರತವನ್ನು ತಾಯಿಯ ಮಡಿಲಿಗೆ ಒಪ್ಪಿಸಬೇಕೆಂದು ಹಂಬಲಿಸಿ ಮುಂಬಯಿಯಲ್ಲಿ ಇಳಿದ ಮಗನಿಗೆ, ತಾಯಿಯು ಆಗಲೇ ಗತಿಸಿದ್ದ ವಾರ್ತೆಯನ್ನು ಅಣ್ಣನು ತಿಳಿಸಿದನು. ಪರದೇಶದಲ್ಲಿ ಆಘಾತವಾಗದಿರಲೆಂದು ಅದನ್ನು ಬಚ್ಚಿಟ್ಟಿದ್ದನು. ವ್ರತವನ್ನು ಕೇಳುವವರು ಇಲ್ಲವಾದರು. ವ್ರತ ಮಾತ್ರ ಉಳಿಯಿತು. ಆ ದಿನಗಳಲ್ಲಿಯೇ ಜೈನ ತತ್ತ್ವಜ್ಞರಾದ ರಾಯಚಂದಭಾಯಿಯವರ ಪರಿಚಯವಾದುದು ಅವರ ಮುಂದಿನ ಸಾಧನೆಗೆ ದೊಡ್ಡ ಆಧಾರವಾಯಿತು.

ಇಂದು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಶ್ರಾವಕರ ಮಕ್ಕಳು ದೂರದ ನಗರಗಳಿಗೂ ದೇಶಗಳಿಗೂ ಹೋಗುತ್ತಿದ್ದಾರೆ. ಮನೆಯ ರುಚಿ, ಮನೆಯ ಅನುಕೂಲ, ಮನೆಯ ಮಾತು ಅಲ್ಲಿಯೂ ದೊರೆಯಬೇಕೆಂಬ ನಿರೀಕ್ಷೆಯನ್ನು ಅವರು ಸಡಿಲಿಸಿಕೊಳ್ಳಲಿ. ಸಪ್ಪೆಯೂಟಕ್ಕೆ, ಒಂಟಿತನಕ್ಕೆ, ಪದಾರ್ಥಗಳನ್ನು ನಾಚದೆ ವಿಚಾರಿಸುವುದಕ್ಕೆ ಸಿದ್ಧರಾಗಲಿ. ಹೊರಡುವ ಮುನ್ನ ಅವರಿಗೆ ನಿಯಮ ಕೊಡುವ ತಾಯಿತಂದೆಗಳು ಅದರ ಅರ್ಥವನ್ನೂ ಬಿಡಿಸಿ ಹೇಳಲಿ. ದೇಶಕ್ಕೆ ತಕ್ಕಂತೆ ಬಾಗಬೇಕಾದುದು ನಿರೀಕ್ಷೆ. ವ್ರತವು ಎಲ್ಲ ದೇಶಗಳಲ್ಲಿಯೂ ಒಂದೇ.