ಇಂದ್ರಜಾಲದ ವಿಠಲಾಚಾರ್ಯರು

ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಆಲೂರು, ಸಕಲೇಶಪುರಗಳ ಗುಡ್ಡಗಾಡು ಹಬ್ಬಿದೆ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಅಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದು ಅಪರೂಪ. ಮಳೆ ನಿಂತು, ದೀಪಾವಳಿ ಕಳೆದು, ಗದ್ದೆಯ ಕೊಯ್ಲೂ ತೋಟದ ಕಾಫಿ ಕೊಯ್ಲೂ ಒಂದರ ಬೆನ್ನಿಗೊಂದು ಬರುವ ಹೊತ್ತಿಗೆ ಹಾದಿಗಳು ಒಣಗಿ ಗಾಡಿಗಳು ಓಡಾಡುವಂತಾಗುತ್ತವೆ. ಹಿಂದೆ ಆ ಒಣ ತಿಂಗಳುಗಳಲ್ಲಿಯೇ ಮಲೆನಾಡಿನ ಸಂತೆಮೈದಾನಗಳಿಗೆ ಟೂರಿಂಗ್ ಟಾಕೀಸಿನ ಡೇರೆಗಳು ಬರುತ್ತಿದ್ದವು. ಸಂಜೆಯಾಗುತ್ತಲೇ ಧ್ವನಿವರ್ಧಕದಲ್ಲಿ ಹಾಡಿನ ತಟ್ಟೆಗಳು ಮೊಳಗುತ್ತಿದ್ದವು. ಅದನ್ನು ಕೇಳಿ ತೋಟದ ಆಳುಗಳೂ ಒಕ್ಕಲು ಮಕ್ಕಳೂ ಲಾಟೀನು ಹಿಡಿದು ಗುಡ್ಡವಿಳಿದು ಬರುತ್ತಿದ್ದರು. ಕುರ್ಚಿ ಕೆಲವರಿಗೆ, ಬೆಂಚು ಇನ್ನು ಕೆಲವರಿಗೆ, ನೆಲ ಮಿಕ್ಕೆಲ್ಲರಿಗೆ. ಬಿಳಿಯ ಪರದೆಯ ಮೇಲೆ ಕಪ್ಪುಬಿಳುಪಿನ ಒಂದು ಲೋಕ ತೆರೆದುಕೊಳ್ಳುತ್ತಿತ್ತು. ಅಲ್ಲಿ ಮನುಷ್ಯನು ಗಿಳಿಯಾಗುತ್ತಿದ್ದನು, ಕಂಬಳಿ ಹಾರುತ್ತಿತ್ತು, ನಾಗಕನ್ನಿಕೆ ನೋಡುನೋಡುತ್ತಿದ್ದಂತೆ ಮಾಯವಾಗುತ್ತಿದ್ದಳು.

ಇಂಥ ಡೇರೆಗಳನ್ನು ಹಾಸನ ಜಿಲ್ಲೆಯಲ್ಲಿ ನಡೆಸಿ, ಅಲ್ಲಿಯೇ ಚಲನಚಿತ್ರದ ಮೊದಲ ಪಾಠಗಳನ್ನು ಕಲಿತು, ಮುಂದೆ ದಕ್ಷಿಣ ಭಾರತದ ಮಾಯಾಚಿತ್ರಗಳಿಗೆ ತಮ್ಮ ಹೆಸರನ್ನೇ ಅಂಟಿಸಿಹೋದವರು ಬಿ. ವಿಠಲಾಚಾರ್ಯರು.

ಅವರು ಹುಟ್ಟಿದ್ದು 1920ರ ಜನವರಿ 28ರಂದು, ಉಡುಪಿಯ ಸಮೀಪದ ಉದ್ಯಾವರದಲ್ಲಿ. ತಂದೆತಾಯಿಗಳಿಗೆ ಏಳನೆಯ ಮಗು. ತಂದೆ ಆಯುರ್ವೇದ ವೈದ್ಯರು; ರೋಗಿಗಳಿಂದ ಹಣ ಪಡೆಯದೆ ಔಷಧ ಕೊಡುತ್ತಿದ್ದ ಉದಾರಿಗಳು. ಉದಾರಿಯ ಮನೆಯಲ್ಲಿ ಕೀರ್ತಿ ತುಂಬಿರುತ್ತದೆ, ಕಣಜ ತುಂಬಿರುವುದಿಲ್ಲ. ಬಾಲಕನಿಗೆ ಬಯಲಾಟ, ನಾಟಕಗಳೆಂದರೆ ಹಸಿವು ನೀರಡಿಕೆಗಳ ಪರಿವೆ ಇರುತ್ತಿರಲಿಲ್ಲ. ಶಾಲೆಯ ವಿದ್ಯೆ ಮೂರನೆಯ ತರಗತಿಗೇ ನಿಂತಿತು. ಒಂಬತ್ತನೆಯ ವಯಸ್ಸಿನಲ್ಲಿ ಅವರು ಬದುಕನ್ನು ಅರಸಿ ಮನೆಬಿಟ್ಟು ಹೊರಟರು.

ಕರಾವಳಿಯವರು ಬದುಕನ್ನು ಅರಸಿ ಘಟ್ಟ ಹತ್ತುವುದು ಹೊಸ ಸಂಗತಿಯೇನಲ್ಲ. ಆದರೆ ಆ ಕಾಲದಲ್ಲಿ ಘಟ್ಟ ಹತ್ತಲು ರೈಲು ಇರಲಿಲ್ಲ. ಸಕಲೇಶಪುರದ ಕಾಡುಗಳನ್ನು ಸೀಳಿಕೊಂಡು ಹಾಸನವನ್ನೂ ಮಂಗಳೂರನ್ನೂ ಜೋಡಿಸುವ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಬಾಲಕ ವಿಠಲನು ತಲುಪಿದ ಊರು ಅರಸೀಕೆರೆ. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಗೆ ಮೈಸೂರಿನ ದಾರಿ ಬಂದು ಕೂಡುವ ಜಂಕ್ಷನ್ ಅದು. ಹಗಲಿರುಳು ಜನ ಇಳಿದು ಹತ್ತುವ ಊರಿನಲ್ಲಿ ದುಡಿಯುವ ಕೈಗೆ ಕೆಲಸಕ್ಕೇನು ಕೊರತೆ? ಸಿಕ್ಕಿದ ಕೆಲಸಗಳನ್ನೆಲ್ಲ ಮಾಡುತ್ತ ಬೆಳೆದ ಹುಡುಗ, ಸಂಬಂಧಿಕರೊಬ್ಬರ ಉಡುಪಿ ಹೋಟೆಲನ್ನು ಕೊಂಡುಕೊಂಡು ಅದರ ಒಡೆಯನಾದನು. ವ್ಯಾಪಾರ ಚೆನ್ನಾಗಿ ನಡೆಯಿತು.

ಕೈಗೆ ಬಂದ ನೆಮ್ಮದಿಯ ಬದುಕಿನಲ್ಲಿ ಅವರು ನಿಲ್ಲಲಿಲ್ಲ. 1942ರಲ್ಲಿ ದೇಶವನ್ನೆಲ್ಲ ವ್ಯಾಪಿಸಿದ ‘ಕ್ವಿಟ್ ಇಂಡಿಯಾ’ ಚಳವಳಿ ಅರಸೀಕೆರೆಗೂ ಬಂದಿತು. ಆಚಾರ್ಯರು ಗೆಳೆಯರೊಡನೆ ಅದರಲ್ಲಿ ಧುಮುಕಿ ಹಾಸನದ ಜಿಲ್ಲಾ ಸೆರೆಮನೆ ಸೇರಿದರು. ಬಿಡುಗಡೆಯಾಗಿ ಬಂದವರು ಮತ್ತೆ ಹೋಟೆಲಿನ ಗಲ್ಲದ ಮುಂದೆ ಕುಳಿತುಕೊಳ್ಳಲಿಲ್ಲ. ಅದನ್ನು ತಮ್ಮನಿಗೆ ಒಪ್ಪಿಸಿಬಿಟ್ಟರು. ಡಿ. ಶಂಕರಸಿಂಗ್ ಮೊದಲಾದ ಗೆಳೆಯರ ಜೊತೆಗೂಡಿ ಟೂರಿಂಗ್ ಟಾಕೀಸನ್ನು ಆರಂಭಿಸಿದರು. ಇದು ಸಣ್ಣ ಸಾಹಸವಲ್ಲ. ಹೋಟೆಲಿಗೆ ಮಳೆಗಾಲದಲ್ಲೂ ಗಿರಾಕಿ ಬರುತ್ತಾನೆ. ಡೇರೆಗೆ ಒಂದು ಬಿರುಗಾಳಿ ಸಾಕು, ಒಂದು ಋತುವಿನ ದುಡಿಮೆ ಹಾರಿಹೋಗುತ್ತದೆ. ಆದರೂ ಅವರ ಡೇರೆಗಳು ಒಂದರಿಂದ ನಾಲ್ಕಾದವು.

ಮೂರನೆಯ ತರಗತಿಗೆ ಶಾಲೆ ಬಿಟ್ಟವರಿಗೆ ಈ ಡೇರೆಯೇ ವಿದ್ಯಾಲಯವಾಯಿತು. ಮೇಲ್ವಿಚಾರಣೆಯ ಹೊಣೆ ಆಚಾರ್ಯರದು. ಬಂದ ಚಿತ್ರಗಳನ್ನೆಲ್ಲ ಅವರು ಬಿಡದೆ ನೋಡಿದರು. ನಗರದ ಚಿತ್ರಮಂದಿರದಲ್ಲಿ ಕತ್ತಲಲ್ಲಿ ಕುಳಿತವನಿಗೆ ತನ್ನ ನೆರೆಯವನ ಮುಖವೂ ಕಾಣುವುದಿಲ್ಲ. ಡೇರೆಯಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವವರೆಗೆ ದೀಪ ಹತ್ತುತ್ತಿತ್ತು. ಆ ಬೆಳಕಿನಲ್ಲಿ ನೋಡಬಲ್ಲವನಿಗೆ ಎಲ್ಲವೂ ತಿಳಿಯುತ್ತಿತ್ತು: ಯಾವ ದೃಶ್ಯಕ್ಕೆ ಜನ ಕಣ್ಣೊರೆಸಿಕೊಂಡರು, ಯಾವುದಕ್ಕೆ ಮಕ್ಕಳು ತಾಯಿಯ ಸೆರಗು ಹಿಡಿದರು, ಯಾವ ಉದ್ದನೆಯ ಸಂಭಾಷಣೆಗೆ ನೆಲದ ಮೇಲಿನವರು ಬೀಡಿ ಹಚ್ಚಲು ಎದ್ದುಹೋದರು. ಓದುಬರಹ ಬಾರದವರೂ ಬೇರೆ ಭಾಷೆಯ ಚಿತ್ರವನ್ನು ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದುದು ಅದ್ಭುತದ ದೃಶ್ಯಗಳು ಬಂದಾಗ. ಅದ್ಭುತಕ್ಕೆ ಭಾಷೆ ಬೇಕಾಗಿಲ್ಲ. ಆಚಾರ್ಯರು ಮುಂದೆ ನಾಲ್ಕು ದಶಕಗಳ ಕಾಲ ತೆಗೆದ ಚಿತ್ರಗಳ ಬೇರು ಈ ಅರಿವಿನಲ್ಲಿಯೇ ಇದೆ ಎಂದರೆ ತಪ್ಪಾಗದು.

1944ರಲ್ಲಿ ವಿವಾಹವಾದ ಅವರು ಮೈಸೂರಿನಲ್ಲಿ ನೆಲೆಸಿದರು. ಗೆಳೆಯ ಶಂಕರಸಿಂಗರೊಡನೆ ಸೇರಿ ‘ಮಹಾತ್ಮಾ ಪಿಕ್ಚರ್ಸ್’ ಸಂಸ್ಥೆಯನ್ನು ಕಟ್ಟಿದರು. ಕನ್ನಡ ವಾಕ್ಚಿತ್ರ ಹುಟ್ಟಿ ಇನ್ನೂ ಎರಡು ದಶಕಗಳೂ ಆಗಿರಲಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ಬರುತ್ತಿದ್ದ ಆ ಕಾಲದಲ್ಲಿ ಈ ಸಂಸ್ಥೆ 1949ರಲ್ಲಿ ‘ನಾಗಕನ್ನಿಕಾ’ವನ್ನೂ 1951ರಲ್ಲಿ ‘ಜಗನ್ಮೋಹಿನಿ’ಯನ್ನೂ ತೆರೆಗೆ ತಂದಿತು. ಪುರಾಣದ ಕಥೆಗಳನ್ನೇ ನೆಚ್ಚಿಕೊಂಡಿದ್ದ ಕನ್ನಡ ಚಿತ್ರಕ್ಕೆ ಅಜ್ಜಿಕಥೆಯ ಮಾಯಾಲೋಕದ ಬಾಗಿಲು ಹೀಗೆ ತೆರೆಯಿತು. ‘ಜಗನ್ಮೋಹಿನಿ’ ಅಪಾರ ಜನಪ್ರಿಯತೆ ಗಳಿಸಿತು. ನೂರು ದಿನ ಓಡಿದ ಮೊದಲ ಕನ್ನಡ ಚಿತ್ರವೆಂದು ಅದನ್ನು ಹೆಸರಿಸುವುದುಂಟು. 1952ರ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಆಚಾರ್ಯರು ಸ್ವತಃ ನಿರ್ದೇಶಕರಾದರು.

ಈ ಮಾಯಾಲೋಕವನ್ನು ಕಟ್ಟುವ ವಿದ್ಯೆ ಯಾವುದು? ಅದರ ಮೂಲವನ್ನು ಅರಸಿದರೆ ನಾವು ದೂರದ ಪ್ಯಾರಿಸಿಗೆ ಹೋಗಬೇಕಾಗುತ್ತದೆ. ಅಲ್ಲಿ ಜಾರ್ಜ್ ಮೆಲಿಯೆ ಎಂಬ ಜಾದೂಗಾರನಿದ್ದನು. ಅವನು 1902ರಲ್ಲಿ, ಮನುಷ್ಯರು ಫಿರಂಗಿಯ ಗುಂಡಿನೊಳಗೆ ಕುಳಿತು ಚಂದ್ರಲೋಕಕ್ಕೆ ಹೋಗುವ ಕಥೆಯನ್ನು ಚಿತ್ರವಾಗಿಸಿದನು. ಗುಂಡು ಹೋಗಿ ಚಂದ್ರನ ಕಣ್ಣಿಗೆ ನಾಟುವ ಆ ದೃಶ್ಯವನ್ನು ಇಂದಿಗೂ ಜಗತ್ತು ಮರೆತಿಲ್ಲ. ಕ್ಯಾಮೆರಾವನ್ನು ಅಲುಗಿಸದೆ ಒಂದು ಗಳಿಗೆ ನಿಲ್ಲಿಸಿ, ಎದುರಿಗಿದ್ದ ನಟನನ್ನು ಆಚೆಗೆ ಕಳುಹಿಸಿ, ಮತ್ತೆ ನಡೆಸಿದರೆ ತೆರೆಯ ಮೇಲೆ ಆತ ಮಾಯವಾಗುತ್ತಾನೆ. ಅವನ ಜಾಗದಲ್ಲಿ ಒಂದು ಕುರಿಯನ್ನು ತಂದು ನಿಲ್ಲಿಸಿದರೆ ಮನುಷ್ಯನು ಕುರಿಯಾಗುತ್ತಾನೆ. ಇಷ್ಟು ಸರಳವಾದ ಯುಕ್ತಿ!

ಪಾಶ್ಚಾತ್ಯರು ಈ ವಿದ್ಯೆಯನ್ನು ವಿಜ್ಞಾನದ ಕಲ್ಪನೆಗಳಿಗೆ ಬಳಸಿಕೊಂಡರು. 1927ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗ್ ‘ಮೆಟ್ರೊಪೊಲಿಸ್’ ಚಿತ್ರದಲ್ಲಿ ಮುಂದಿನ ಯುಗದ ಮಹಾನಗರವೊಂದನ್ನು ತೋರಿಸಿದನು. ಪುಟ್ಟ ಮಾದರಿಗಳ ಪ್ರತಿಬಿಂಬವನ್ನು ಕನ್ನಡಿಯಲ್ಲಿ ಹಿಡಿದು, ನಿಜವಾದ ಮನುಷ್ಯರೊಡನೆ ಬೆರೆಸಿ ಅದನ್ನು ಕಟ್ಟಲಾಗಿತ್ತು. 1933ರಲ್ಲಿ ಬಂದ ‘ಕಿಂಗ್ ಕಾಂಗ್’ನ ದೈತ್ಯ ವಾನರನು ಬಹುತೇಕ ದೃಶ್ಯಗಳಲ್ಲಿ ಒಂದೂವರೆ ಅಡಿ ಎತ್ತರದ ಬೊಂಬೆ. ಒಂದು ಸೆಕೆಂಡಿನ ಚಲನೆಗೆ 24 ಬಾರಿ ಅದನ್ನು ಚೂರುಚೂರೇ ಕದಲಿಸಿ ಚಿತ್ರ ತೆಗೆಯಬೇಕಾಗಿತ್ತು. ಅದೇ ವರ್ಷದ ‘ಇನ್‌ವಿಸಿಬಲ್ ಮ್ಯಾನ್’ ಚಿತ್ರದಲ್ಲಿ ಅದೃಶ್ಯ ಮನುಷ್ಯನ ಅಂಗಿ ಮಾತ್ರ ನಡೆದಾಡುತ್ತದೆ. ನಟನ ಮೈಗೆಲ್ಲ ಕರಿಯ ಮಖಮಲ್ಲನ್ನು ಸುತ್ತಿ, ಕರಿಯ ಮಖಮಲ್ಲಿನ ಹಿನ್ನೆಲೆಯ ಮುಂದೆ ನಡೆಸಿದರೆ ಫಿಲ್ಮಿನ ಮೇಲೆ ಮೂಡುವುದು ಅಂಗಿಯೊಂದೇ. ಅದನ್ನು ಇನ್ನೊಂದು ದೃಶ್ಯದೊಡನೆ ಕೂಡಿಸಿದರೆ ಕೆಲಸ ಮುಗಿಯಿತು.

ಈ ಚಿತ್ರಗಳಿಗೂ ಆಚಾರ್ಯರ ಚಿತ್ರಗಳಿಗೂ ಕಥೆಯಲ್ಲಿ ಹೋಲಿಕೆಯಿಲ್ಲ. ಅಲ್ಲಿ ವಿಜ್ಞಾನಿ, ಇಲ್ಲಿ ಮಾಂತ್ರಿಕ. ಅಲ್ಲಿ ರಾಕೆಟ್ಟು, ಇಲ್ಲಿ ಹಾರುವ ಕಂಬಳಿ. ಆದರೆ ಕ್ಯಾಮೆರಾಕ್ಕೆ ಈ ಭೇದ ಗೊತ್ತಿಲ್ಲ. ಎರಡು ಕಡೆಯೂ ಕಪ್ಪುಬಿಳುಪೇ ದೊಡ್ಡ ಸಹಾಯಕ. ನೆರಳು ದಾರವನ್ನು ನುಂಗುತ್ತದೆ, ಹೊಗೆ ಬೊಂಬೆಯ ಕೀಲನ್ನು ಮರೆಸುತ್ತದೆ. ಬಣ್ಣದ ಫಿಲ್ಮು ಎಲ್ಲವನ್ನೂ ಬಯಲು ಮಾಡುತ್ತದೆ. ಕಪ್ಪುಬಿಳುಪು ಅರ್ಧವನ್ನು ಮಾತ್ರ ತೋರಿಸಿ ಉಳಿದರ್ಧವನ್ನು ನೋಡುವವನ ಊಹೆಗೆ ಬಿಡುತ್ತದೆ. ಕತ್ತಲ ಕಾಡುದಾರಿಯಲ್ಲಿ ಮನೆಗೆ ಮರಳುವ ಪ್ರೇಕ್ಷಕನಿಗೆ ಆ ಉಳಿದರ್ಧವೇ ದಾರಿಯುದ್ದಕ್ಕೂ ಜೊತೆಯಾಗುತ್ತಿದ್ದಿರಬೇಕು.

ಆಚಾರ್ಯರು 1950ರ ದಶಕದಲ್ಲಿ ‘ವಿಠಲ್ ಪ್ರೊಡಕ್ಷನ್ಸ್’ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. 1954ರ ‘ಕನ್ಯಾದಾನ’ ಮಾಯಮಂತ್ರದ ಚಿತ್ರವಲ್ಲ. ಬಾಲ್ಯವಿವಾಹದ ಕ್ರೌರ್ಯವನ್ನು ಎತ್ತಿ ತೋರಿಸಿದ ಸಾಮಾಜಿಕ ಚಿತ್ರ. ಅದನ್ನು ತೆಲುಗಿನಲ್ಲಿ ತೆಗೆಯಲು ಮದರಾಸಿಗೆ ಹೋದವರು ಅಲ್ಲಿಯೇ ನೆಲೆನಿಂತರು. 1959ರ ‘ಜಯವಿಜಯ’ದಿಂದ ಮೊದಲ್ಗೊಂಡು ತೆಲುಗಿನಲ್ಲಿ ಅವರ ಜಾನಪದ ಚಿತ್ರಗಳ ಸಾಲೇ ಹರಿದುಬಂದಿತು. ಕಾಂತರಾವ್ ಅವರ ಕತ್ತಿವರಸೆ ಮನೆಮಾತಾಯಿತು. ಎನ್. ಟಿ. ರಾಮರಾವ್ ಅವರಂಥ ಮೇರುನಟರೂ ಆಚಾರ್ಯರ ಹಲವು ಚಿತ್ರಗಳಲ್ಲಿ ನಟಿಸಿದರು. 1964ರ ‘ಅಗ್ಗಿ ಪಿಡುಗು’ ಚಿತ್ರದಲ್ಲಿ ರಾಮರಾವ್ ಅವರದು ಅವಳಿ ಸಹೋದರರ ದ್ವಿಪಾತ್ರ. ಇಂಥ ದೃಶ್ಯಗಳನ್ನು ಆ ಕಾಲದಲ್ಲಿ ತೆಗೆಯುತ್ತಿದ್ದ ರೀತಿ ಹೀಗೆ: ಮಸೂರದ ಅರ್ಧಭಾಗವನ್ನು ಮುಚ್ಚಿ ಒಂದು ಪಾತ್ರವನ್ನು ಚಿತ್ರಿಸಿಕೊಂಡು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧವನ್ನು ತೆರೆದು ಅದೇ ನಟನನ್ನು ಇನ್ನೊಂದು ವೇಷದಲ್ಲಿ ನಿಲ್ಲಿಸುತ್ತಿದ್ದರು. ನಟನು ನಡುಗೆರೆಯನ್ನು ಒಂದು ಅಂಗುಲ ದಾಟಿದರೂ ಶ್ರಮವೆಲ್ಲ ನೀರುಪಾಲು.

ಕನ್ನಡವನ್ನು ಅವರು ಪೂರ್ಣವಾಗಿ ಮರೆಯಲಿಲ್ಲ. 1963ರಲ್ಲಿ ತೆಲುಗಿನ ‘ಬಂದಿಪೋಟು’ ಚಿತ್ರದ ಕಥೆಯನ್ನೇ ರಾಜಕುಮಾರ್, ಲೀಲಾವತಿ, ಉದಯಕುಮಾರ್ ಅವರೊಡನೆ ‘ವೀರಕೇಸರಿ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಬಹುಭಾಗ ಕಪ್ಪುಬಿಳುಪಿನಲ್ಲಿಯೇ ಇರುವ ಆ ಚಿತ್ರದ ಹಾಡುಗಳನ್ನು ಅದು ತೆರೆಕಂಡಾಗ ಹುಟ್ಟಿಯೇ ಇರದಿದ್ದವರೂ ಗುನುಗುತ್ತಾರೆ.

ಆಚಾರ್ಯರ ಮಿತವ್ಯಯ ಹೆಸರಾದದ್ದು. ಹೋಟೆಲು ನಡೆಸಿದವರಿಗೆ ಒಂದು ಸೇರು ಅಕ್ಕಿಯ ಲೆಕ್ಕವೂ ಬಾಯಲ್ಲಿರುತ್ತದೆಯಷ್ಟೆ. ಫಿಲ್ಮಿನ ಅಡಿಗಳನ್ನೂ ಅವರು ಹಾಗೆಯೇ ಎಣಿಸಿದರು. ಹೇಳಿದ ಹೊತ್ತಿಗೆ ಬಾರದೆ ಸತಾಯಿಸುವ ನಟನ ಪಾತ್ರವನ್ನು ಮಾಂತ್ರಿಕನ ಶಾಪದಿಂದ ಗಿಳಿಯನ್ನೋ ಕುರಿಯನ್ನೋ ಮಾಡಿಸಿ ಚಿತ್ರೀಕರಣವನ್ನು ಮುಂದುವರಿಸುತ್ತಿದ್ದರೆಂಬ ಕಥೆ ಚಿತ್ರರಂಗದಲ್ಲಿ ಪ್ರಚಲಿತವಾಗಿದೆ. ಅದು ನಡೆದದ್ದೋ ಕಟ್ಟಿದ್ದೋ, ಮನುಷ್ಯನ ಸ್ವಭಾವಕ್ಕಂತೂ ಚೆನ್ನಾಗಿ ಒಪ್ಪುತ್ತದೆ.

ಅವರ ಚಿತ್ರಗಳನ್ನು ವಿದ್ಯಾವಂತರು ಹಗುರವಾಗಿ ಕಂಡದ್ದುಂಟು. ಒಂದೇ ಬಗೆಯ ಕಥೆ, ಸೋಲಲೆಂದೇ ಹುಟ್ಟಿದ ಮಾಂತ್ರಿಕ, ಕುಣಿಯುವ ಅಸ್ಥಿಪಂಜರಗಳು ಎಂಬ ಆಕ್ಷೇಪ ನಿರಾಧಾರವೇನೂ ಅಲ್ಲ. ಅವರ ಎಲ್ಲ ಚಿತ್ರಗಳೂ ಒಂದೇ ಎತ್ತರದವಲ್ಲ. ಕೆಲವು ಬರಿಯ ಅವಸರದ ಅಡುಗೆ. ಆದರೆ ಮೂಢನಂಬಿಕೆಯನ್ನು ಬೆಳೆಸುವ ಚಿತ್ರಗಳೆಂಬ ದೂರನ್ನು ಹಾಗೆಯೇ ಒಪ್ಪಲಾಗದು. ಒಲೆಗೆ ಸೌದೆಯ ಬದಲು ತನ್ನ ಕಾಲುಗಳನ್ನೇ ಒಡ್ಡಿ ಅಡುಗೆ ಮಾಡುವ ಮೋಹಿನಿಯನ್ನು ಕಂಡು ಬೆಚ್ಚಿದ ಹುಡುಗನೇ ಮರುಗಳಿಗೆ ಅದನ್ನು ಹೇಗೆ ಮಾಡಿದರೆಂದು ಕೇಳುತ್ತಾನೆ. ಮೆಲಿಯೆಯ ಚಂದ್ರನನ್ನು ಕಂಡ ಪ್ಯಾರಿಸಿನ ಮಕ್ಕಳೂ ಅದನ್ನೇ ಕೇಳಿದ್ದಿರಬೇಕು.

1970ರ ದಶಕದಲ್ಲಿ ಕಪ್ಪುಬಿಳುಪಿನ ಕಾಲ ಹಿಂದೆ ಸರಿಯಿತು. ಆಚಾರ್ಯರು ಬಣ್ಣಕ್ಕೂ ಒಗ್ಗಿಕೊಂಡರು. ಮಹಾತ್ಮಾ ಪಿಕ್ಚರ್ಸಿನ ಹಳೆಯ ಯಶಸ್ಸಿನ ಹೆಸರನ್ನೇ ಇಟ್ಟು 1978ರಲ್ಲಿ ತೆಲುಗಿನಲ್ಲಿ ತೆಗೆದ ‘ಜಗನ್ಮೋಹಿನಿ’ ಬೇರೆ ಭಾಷೆಗಳಿಗೂ ಹೋಗಿ ಗೆದ್ದಿತು. ಆದರೂ ಡೇರೆಗಳು ಒಂದೊಂದಾಗಿ ಮಡಿಚಿಕೊಂಡವು. ಮನೆಮನೆಗೆ ದೂರದರ್ಶನ ಬಂದಿತು. ಸುಮಾರು 70 ಚಿತ್ರಗಳ ಬಾಳುವೆ ಮುಗಿಸಿ ವಿಠಲಾಚಾರ್ಯರು 1999ರ ಮೇ 28ರಂದು ತೀರಿಕೊಂಡರು.

ಆ ಕಾಲದ ಫಿಲ್ಮುಗಳಿಗೆ ಆಯುಸ್ಸು ಕಡಿಮೆ. 1950ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಬೆಂಕಿಗೆ ಬೇಗ ತುತ್ತಾಗುವಂಥದು. ಹಾಗೆಯೇ ಇಟ್ಟರೂ ಕಾಲಕ್ರಮದಲ್ಲಿ ಅಂಟಂಟಾಗಿ ಕಡೆಗೆ ಪುಡಿಯಾಗುವಂಥದು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ದ ಪ್ರತಿಯೇ ನಮಗೆ ಉಳಿದುಬಂದಿಲ್ಲ. ಆಚಾರ್ಯರ 1960ರ ದಶಕದ ಹಲವು ಚಿತ್ರಗಳು ಮಾತ್ರ ಈ ಗಂಡಾಂತರವನ್ನು ದಾಟಿ ಬಂದಿವೆ. ಅವುಗಳಲ್ಲಿ ಅಲ್ಲಲ್ಲಿ ಗೀರುಗಳು ಮಳೆಯಂತೆ ಸುರಿಯುತ್ತವೆ, ಮಾತು ಒಂದೆರಡು ಕಡೆ ತುಂಡಾಗುತ್ತದೆ. ಅಷ್ಟರಲ್ಲಿ ಗುಹೆಯ ಬಾಗಿಲು ತೆರೆದು ಹೊಗೆಯ ನಡುವಿನಿಂದ ಮಾಂತ್ರಿಕನು ಹೊರಬರುತ್ತಾನೆ.